ತಂತ್ರಜ್ಞಾನದ ಗುರಿ ಅಂತ ಈ ವರ್ಷ ಏನು ಬರೆಯಲಿ?

ವಿಜ್ಞಾನ ಟೀಚರ್:

ನಮಸ್ಕಾರ. ಏಳು, ಎಂಟನೇ ತರಗತಿಗೆ ವಿಜ್ಞಾನ ಹೇಳಿಕೊಡುತ್ತೇನೆ. ಪ್ರತಿ ವರ್ಷದ ಶುರುವಿನಲ್ಲಿ ನಾವು ವೃತ್ತಿಯ ಗುರಿಗಳನ್ನು ಬರೆದು ಕೊಡಬೇಕು. ಅದರಲ್ಲಿ ಒಂದು ತಂತ್ರಜ್ಞಾನದ ಬಗ್ಗೆ ಇರಲೇಬೇಕು. ನಿನ್ನೆ ಹೊಸದು ಬರೆಯೋಣ ಅಂತ ಕೂತವಳು ಹಳೇ ಫೈಲ್ ತೆಗೆದು ಓದಿದೆ. ಮೊದಲ ವರ್ಷ "ವಾರಕ್ಕೆ ಮೂರು ಪಾಠ ಪ್ರೊಜೆಕ್ಟರ್‌ನಲ್ಲಿ". ಆಮೇಲೆ "ಎಲ್ಲ ಪಾಠಕ್ಕೂ ಸ್ಲೈಡ್". ಅದಾದ ಮೇಲೆ ಆನ್‌ಲೈನ್ ಕ್ವಿಜ್. 2020ರಲ್ಲಿ ಶಾಲೆ ಮುಚ್ಚಿದಾಗ ಗುರಿ ಬರೆಯುವ ಪುರುಸೊತ್ತೇ ಇರಲಿಲ್ಲ, ಬೆಳಗಿನಿಂದ ರಾತ್ರಿವರೆಗೆ ವಿಡಿಯೊ ಮಾಡಿದ್ದೇ ಮಾಡಿದ್ದು. ಈಗ ಎಲ್ಲರ ಬಾಯಲ್ಲೂ ಎಐ.

ಈ ಎಲ್ಲ ಗುರಿಗಳನ್ನೂ ಮುಟ್ಟಿದ್ದೇನೆ. ಆದರೆ ಅದರಿಂದ ಮಕ್ಕಳಿಗೆ ಏನು ಬದಲಾಯಿತು ಅಂತ ಯಾರಾದರೂ ಕೇಳಿದರೆ ಹೇಳಲು ನನ್ನ ಹತ್ತಿರ ಏನೂ ಇಲ್ಲ. ಕಳೆದ ತಿಂಗಳು ವಿದ್ಯುತ್ ಪಾಠಕ್ಕೆ ಒಂದು ಒಳ್ಳೆ ಅನಿಮೇಷನ್ ತೋರಿಸಿದೆ. ಎಲ್ಲರೂ ಕಣ್ಣು ಮಿಟುಕಿಸದೆ ನೋಡಿದರು. ಮರುದಿನ, ಒಂದರ ಹಿಂದೆ ಒಂದು ಎರಡು ಬಲ್ಬ್ ಜೋಡಿಸಿದರೆ ಯಾವುದು ಜಾಸ್ತಿ ಬೆಳಗುತ್ತದೆ ಅಂತ ಕೇಳಿದೆ. ಅರ್ಧಕ್ಕಿಂತ ಜಾಸ್ತಿ ಮಕ್ಕಳು "ಮೊದಲನೇದು ಟೀಚರ್, ಅದೇ ಕರೆಂಟ್ ತಿಂದುಬಿಡುತ್ತಲ್ಲ" ಅಂದರು. ಮನಸ್ಸಿಗೆ ತುಂಬ ಕಸಿವಿಸಿ ಆಯಿತು.

ಸದ್ಯಕ್ಕೆ ಬರೆದಿಟ್ಟಿರುವುದು ಇಷ್ಟು: "ಎರಡು ಹೊಸ ಎಐ ಟೂಲ್‌ಗಳನ್ನು ಪಾಠದಲ್ಲಿ ಬಳಸುವುದು." ಓದಿದರೆ ನನಗೇ ಸಮಾಧಾನ ಇಲ್ಲ. ನೀವೆಲ್ಲ ಹೇಗೆ ಬರೆಯುತ್ತೀರಿ?

ಗಣಿತ ಮೇಷ್ಟ್ರು:

ಮೇಡಂ, ನಿಮ್ಮ ಪಟ್ಟಿಯ ಪ್ರತಿ ಗುರಿಯಲ್ಲೂ ಕೆಲಸ ಮಾಡುತ್ತಿರುವವರು ನೀವೇ. ಮಕ್ಕಳು ಎಲ್ಲೂ ಕಾಣಲ್ಲ. ನಾನೂ ಬಹಳ ವರ್ಷ ಹೀಗೇ ಬರೆದೆ.

ಒಂದು ತರಬೇತಿಯಲ್ಲಿ ರೂಬೆನ್ ಪುಯೆಂಟೆಡ್ಯೂರಾ ಅವರ ಸ್ಯಾಮರ್ ಮಾದರಿ ಹೇಳಿಕೊಟ್ಟರು, ತಂತ್ರಜ್ಞಾನ ಪಾಠವನ್ನು ಎಷ್ಟು ಬದಲಿಸುತ್ತದೆ ಅಂತ ನೋಡುವ ಒಂದು ರೀತಿ. ನಾಲ್ಕು ಹಂತ: ಹಳೇ ಸಾಧನದ ಜಾಗಕ್ಕೆ ಹೊಸದು ಬರುವುದು, ಅದರಿಂದ ಸ್ವಲ್ಪ ಅನುಕೂಲ ಆಗುವುದು, ಕೆಲಸದ ರೂಪವೇ ಬದಲಾಗುವುದು, ಮೊದಲು ಆಗದೇ ಇದ್ದದ್ದು ಆಗುವುದು. ನಾನು ಅದನ್ನು ಏಣಿ ಅಂದುಕೊಂಡೆ. ಮೇಲಿನ ಮೆಟ್ಟಿಲು ಹತ್ತಿದವನೇ ಒಳ್ಳೆ ಮೇಷ್ಟ್ರು ಅಂತ ಎರಡು ವರ್ಷ ಓಡಿದೆ. ನಿಜವಾಗಿ ಕೈ ಹಿಡಿದದ್ದು ಪುಣ್ಯ ಮಿಶ್ರಾ, ಮ್ಯಾಥ್ಯೂ ಕೋಹ್ಲರ್ ಅನ್ನುವ ಸಂಶೋಧಕರು 2006ರಲ್ಲಿ ಬರೆದ ಟೀಪ್ಯಾಕ್ ಅನ್ನುವ ವಿಚಾರ. ಟೂಲ್ ಗೊತ್ತಿದ್ದರೆ ಸಾಲದು, ವಿಷಯ ಗೊತ್ತಿರಬೇಕು, ಅದನ್ನು ಕಲಿಸುವ ರೀತಿಯೂ ಗೊತ್ತಿರಬೇಕು, ಮೂರೂ ಒಂದೇ ಪಾಠದಲ್ಲಿ ಸೇರಬೇಕು.

ಇದು ನನಗೆ ಅರ್ಥ ಆದದ್ದು ಒಂದು ದಿನದ ಪಾಠದಲ್ಲಿ. ಜಿಯೋಜೀಬ್ರಾ ಅನ್ನುವ ಗಣಿತದ ಸಾಫ್ಟ್‌ವೇರ್‌ನಲ್ಲಿ ತ್ರಿಕೋನ ಮಾಡಿ ಒಂದು ಮೂಲೆ ಹಿಡಿದು ಎಳೆಯುತ್ತಿದ್ದೆ. ಕೋನ ಬದಲಾಗುತ್ತದೆ, ಮೊತ್ತ 180 ಡಿಗ್ರಿಯೇ ಇರುತ್ತದೆ ಅಂತ ತೋರಿಸುವುದು ಉದ್ದೇಶ. ಓದಲು ಸುಲಭ ಆಗಲಿ ಅಂತ ದಶಮಾಂಶ ಬೇಡ, ಪೂರ್ಣ ಸಂಖ್ಯೆ ಸಾಕು ಅಂತ ಸೆಟ್ಟಿಂಗ್ ಇಟ್ಟಿದ್ದೆ. ಹಿಂದಿನ ಬೆಂಚಿನ ಹುಡುಗಿ ಎದ್ದು ನಿಂತಳು. "ಸರ್, 60, 60, 61. ಕೂಡಿದರೆ 181 ಬರುತ್ತೆ."

ನನ್ನ ಕೈ ಮೊದಲು ಹೋದದ್ದು ಆ ಮೂಲೆಯನ್ನು ಇನ್ನೊಂದು ಚೂರು ಎಳೆದು 180 ಬರಿಸುವುದಕ್ಕೆ. ಯಾಕೋ ನಿಲ್ಲಿಸಿದೆ. "ಯಾಕೆ ಹೀಗಾಯಿತು?" ಅಂತ ತರಗತಿಗೇ ಕೇಳಿದೆ. ಕಂಪ್ಯೂಟರ್ ತಪ್ಪು ಅಂದರು ಕೆಲವರು. ಈ ತ್ರಿಕೋನವೇ ಬೇರೆ ಥರ ಅಂದ ಒಬ್ಬ. ಇನ್ನೊಬ್ಬ ಮೆಲ್ಲಗೆ, "60 ಅಂದರೆ ಸರಿಯಾಗಿ 60 ಇದೆಯಾ ಸರ್?" ಅಂದ. ದಶಮಾಂಶ ತೆರೆದೆ. 59.6, 59.7, 60.7. ಆಗ ಆ ಹುಡುಗಿ, "ಹಾಗಾದರೆ ಅಳೆದು ನೋಡಿದರೆ ಸಾಲದು, 180 ಅಂತ ಸಾಧಿಸಿ ತೋರಿಸಬೇಕು ಅಲ್ವಾ ಸರ್?" ಅಂದಳು. ಪೀರಿಯಡ್ ಪೂರ್ತಿ ಅದಕ್ಕೇ ಹೋಯಿತು, ಹೋಗಲಿ ಅನ್ನಿಸಿತು.

ಆ ವರ್ಷದ ನನ್ನ ಗುರಿ: "ಸ್ಕ್ರೀನ್ ಬಳಸುವ ಪ್ರತಿ ಪಾಠದಲ್ಲೂ, ಸ್ಕ್ರೀನ್ ಉತ್ತರ ಕೊಡದ ಒಂದು ಪ್ರಶ್ನೆ ಇರಬೇಕು."

ಭೌತಶಾಸ್ತ್ರದವನು:

ನಿಮ್ಮ ಬಲ್ಬ್ ಕಥೆ ಓದಿ ಬರೆಯದೇ ಇರಲು ಆಗಲಿಲ್ಲ. ಹಾರ್ವರ್ಡ್‌ನಲ್ಲಿ ಭೌತಶಾಸ್ತ್ರದ ಪ್ರಾಧ್ಯಾಪಕ ಎರಿಕ್ ಮಜೂರ್ ಮತ್ತು ಜೊತೆಯವರು 2004ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ಹೇಳುತ್ತದೆ. ಪ್ರಯೋಗವನ್ನು ಸುಮ್ನೆ ನೋಡಿದವರಿಗೂ ನೋಡದೇ ಇದ್ದವರಿಗೂ ಅರ್ಥ ಆಗಿದ್ದರಲ್ಲಿ ಹೆಚ್ಚು ವ್ಯತ್ಯಾಸ ಇರಲಿಲ್ಲ. ಏನಾಗಬಹುದು ಅಂತ ಮೊದಲೇ ಊಹಿಸಿ ಆಮೇಲೆ ನೋಡಿದವರು ಮುಂದೆ ಇದ್ದರು. ಹಾಗಾಗಿ ನಿಮ್ಮ ಅನಿಮೇಷನ್ ಕೆಟ್ಟದ್ದಲ್ಲ ಮೇಡಂ, ಅದಕ್ಕೆ ಮುಂಚಿನ ಎರಡು ನಿಮಿಷ ಬಿಟ್ಟುಹೋಗಿತ್ತು ಅಷ್ಟೇ.

ನಾನು ಮಾಡುವುದು ಹೀಗೆ. ಫೆಟ್ ಸಿಮ್ಯುಲೇಷನ್ ತೆಗೆಯುತ್ತೇನೆ (ಕಂಪ್ಯೂಟರಿನಲ್ಲೇ ಪ್ರಯೋಗ ಮಾಡಿ ನೋಡುವಂಥದ್ದು; ಭೌತವಿಜ್ಞಾನಿ ಕಾರ್ಲ್ ವೀಮನ್ 2002ರಲ್ಲಿ ಕೊಲೊರಾಡೊ ವಿಶ್ವವಿದ್ಯಾಲಯದಲ್ಲಿ ಶುರು ಮಾಡಿದ್ದು, ಉಚಿತ). ಎರಡು ಬಲ್ಬ್ ಜೋಡಿಸಿ ಸ್ವಿಚ್ ಹಾಕದೆ ನಿಲ್ಲಿಸುತ್ತೇನೆ. ಯಾವುದು ಜಾಸ್ತಿ ಬೆಳಗುತ್ತದೆ, ಯಾಕೆ, ನೋಟ್‌ಬುಕ್ಕಿನಲ್ಲಿ ಪೆನ್ನಿನಲ್ಲಿ ಬರೆಯಬೇಕು. ಪೆನ್ಸಿಲ್ ಬೇಡ, ಅಳಿಸಿಬಿಡುತ್ತಾರೆ. ಪಕ್ಕದವರ ಜೊತೆ ವಾದ ಮಾಡಲಿ. ಆಮೇಲೆ ಸ್ವಿಚ್. ಎರಡೂ ಸಮ. ಆಗ ಕರೆಂಟ್ ಅಳೆಯುವ ಅಮ್ಮೀಟರನ್ನು ಮೊದಲ ಬಲ್ಬಿಗೆ ಮುಂಚೆ, ನಡುವೆ, ಕೊನೆಗೆ, ಮೂರು ಕಡೆ ಇಟ್ಟು ನೋಡಲಿ. ಮೂರು ಕಡೆಯೂ ಒಂದೇ ಸಂಖ್ಯೆ.

ಅಲ್ಲಿಗೇ ಬಿಡಬೇಡಿ. ನಿಜವಾದ ಬಲ್ಬ್, ಸೆಲ್ ತನ್ನಿ. ಒಂದೇ ಡಬ್ಬಿಯ ಎರಡು ಬಲ್ಬ್ ಕೂಡ ಪೂರ್ತಿ ಒಂದೇ ಥರ ಇರುವುದಿಲ್ಲ, ಒಂದು ಸ್ವಲ್ಪ ಮಂಕಾಗಿ ಉರಿಯಬಹುದು. "ನೋಡಿ ಸರ್, ಸಿಮ್ಯುಲೇಷನ್ ಸುಳ್ಳು" ಅಂತ ಮಕ್ಕಳು ಕೂಗುತ್ತಾರೆ. ಬಲ್ಬ್‌ಗಳ ಜಾಗ ಅದಲು ಬದಲು ಮಾಡಿಸಿ. ಮಂಕಾಗಿದ್ದದ್ದು ಹೊಸ ಜಾಗದಲ್ಲೂ ಮಂಕೇ. ಅಂದರೆ ಕಾರಣ ಬಲ್ಬು, ಜಾಗ ಅಲ್ಲ. ಇದನ್ನು ಮಕ್ಕಳೇ ಹೇಳಿದಾಗ ಕೇಳಬೇಕು ನೀವು!

ಲೆಕ್ಕ ಬೇಕು ಅಂದರೆ ಮೂರು ವಾರ ಬಿಟ್ಟು ಅದೇ ಪ್ರಶ್ನೆ ಮತ್ತೆ ಕೇಳಿ. ಎಷ್ಟು ಮಕ್ಕಳ ಕಾರಣ ಬದಲಾಗಿದೆ ಅಂತ ಎಣಿಸಿ.

ಭಾಷಾ ಶಿಕ್ಷಕಿ:

ಎಐ ಬಗ್ಗೆ ಒಂದು ಮಾತು. "ಎಐನಿಂದ ಬರೆದದ್ದನ್ನು ಹಿಡಿಯುವುದು" ಅಂತ ದಯವಿಟ್ಟು ಗುರಿ ಇಟ್ಟುಕೊಳ್ಳಬೇಡಿ. ನಾನು ಇಟ್ಟುಕೊಂಡಿದ್ದೆ. ಪತ್ತೆ ಹಚ್ಚುವ ಸೈಟ್ ಒಂದರ ಮಾತು ನಂಬಿ ಒಬ್ಬ ಹುಡುಗನನ್ನು ಎಲ್ಲರೆದುರು ಕೇಳಿದೆ. ಮರುದಿನ ಅವನು ಮಾತಿಲ್ಲದೆ ನಾಲ್ಕು ಹಾಳೆ ತಂದು ಮೇಜಿನ ಮೇಲೆ ಇಟ್ಟ. ಗೀಚಿ, ಹೊಡೆದುಹಾಕಿ, ಬಾಣ ಹಾಕಿ ಮತ್ತೆ ಬರೆದ ಕರಡು. ಎಲ್ಲರೆದುರೇ ಕ್ಷಮೆ ಕೇಳಿದೆ, ಆದರೂ ಅವನು ಮೊದಲಿನ ಹಾಗೆ ಮಾತಾಡಲು ತಿಂಗಳು ಹಿಡಿಯಿತು. ಓಪನ್‌ಎಐ ಸಂಸ್ಥೆಯೇ ತನ್ನ ಪತ್ತೆ ಸಾಧನ ಸರಿಯಾಗಿ ಹೇಳುತ್ತಿಲ್ಲ ಅಂತ 2023ರ ಜುಲೈನಲ್ಲಿ ವಾಪಸ್ ತೆಗೆದುಕೊಂಡಿತು. ಅದೇ ವರ್ಷ ಸ್ಟ್ಯಾನ್‌ಫರ್ಡ್ ಸಂಶೋಧಕರು ಇಂಥ ಸಾಧನಗಳನ್ನು ಪರೀಕ್ಷಿಸಿದಾಗ, ಇಂಗ್ಲಿಷ್ ಮಾತೃಭಾಷೆ ಅಲ್ಲದವರು ಸ್ವಂತ ಬರೆದ ಪ್ರಬಂಧಗಳಲ್ಲಿ ಅರ್ಧಕ್ಕಿಂತ ಜಾಸ್ತಿಯನ್ನು ಯಂತ್ರ ಬರೆದದ್ದು ಅಂತ ತೋರಿಸಿದವು.

ಈಗ ಮೊದಲ ಕರಡು ತರಗತಿಯಲ್ಲೇ, ಕೈಯಲ್ಲೇ. ಆಮೇಲೆ ಅದೇ ವಿಷಯದ ಮೇಲೆ ಎಐ ಬರೆದ ಒಂದು ಪ್ಯಾರಾ ನಾನೇ ತಂದು ಕೊಡುತ್ತೇನೆ. ಎಲ್ಲಿ ಸುಮ್ನೆ ಮಾತು ತುಂಬಿದೆ ಅಂತ ಮಕ್ಕಳು ಗುರುತು ಹಾಕುತ್ತಾರೆ. ಆಮೇಲೆ ಅದೇ ಕಣ್ಣಿನಲ್ಲಿ ತಮ್ಮ ಕರಡು ನೋಡಿಕೊಳ್ಳುತ್ತಾರೆ.

ಇನ್ನೊಂದು, ಮೇಲೆ ಬರೆದವರು ಒಪ್ಪದೇ ಇರಬಹುದು. ಮೊದಲ ವರ್ಷ ಪ್ರೊಜೆಕ್ಟರ್ ಅಂತ ಬರೆದದ್ದು ತಪ್ಪಲ್ಲ. ಕೈ ಪಳಗದೆ ಪಾಠದ ಮಧ್ಯೆ ಕೇಬಲ್ ಹುಡುಕುತ್ತಿದ್ದರೆ ಮಕ್ಕಳ ಯೋಚನೆ ಗಮನಿಸುವುದು ಎಲ್ಲಿಂದ ಬರುತ್ತದೆ?

ವಿಜ್ಞಾನ ಟೀಚರ್:

ಎಲ್ಲರಿಗೂ ತುಂಬ ಥ್ಯಾಂಕ್ಸ್. ಹೊಸದಾಗಿ ಬರೆದೆ, ನೋಡಿ ಹೇಳಿ: "ಆರು ಪಾಠಗಳಲ್ಲಿ ಸಿಮ್ಯುಲೇಷನ್ ನೋಡುವ ಮುಂಚೆ ಮಕ್ಕಳ ಊಹೆ ಮತ್ತು ಕಾರಣ ಬರೆಸುವುದು, ಮೂರು ವಾರದ ನಂತರ ಅದೇ ಪ್ರಶ್ನೆ ಕೇಳಿ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುವುದು." ಎಐ ಸಾಲು ತೆಗೆದುಬಿಟ್ಟೆ. ಅದನ್ನು ಯಾಕೆ ತೆಗೆದಿರಿ ಅಂತ ಕೇಳಿದರೆ ಉತ್ತರ ಇದೆ ಈಗ.

ನಾಳೆ ಎರಡನೇ ಪೀರಿಯಡ್ ಎಂಟನೇ ತರಗತಿ. ಪ್ರೊಜೆಕ್ಟರ್ ಆಫ್ ಇಟ್ಟೇ ಶುರು ಮಾಡುತ್ತೇನೆ. ಬ್ಯಾಗಿಗೆ ಎರಡು ಬಲ್ಬ್, ಸೆಲ್, ಒಂದಿಷ್ಟು ತಂತಿ ಹಾಕಿಕೊಂಡಾಯಿತು.