ಮಳೆ ಹಿಡಿದ ಮೇಲೆ ಜೆರೇನಿಯಂ ಬುಡ ಕಪ್ಪಾಗುತ್ತಿದೆ, ಉಳಿಸಿಕೊಳ್ಳುವುದು ಹೇಗೆ?

ಜಗಲಿಯಂಚು (ಮಡಿಕೇರಿ ಕಡೆ) ಕೇಳಿದ್ದು:

ನಮಸ್ಕಾರ. ಮಡಿಕೇರಿಯಿಂದ ಭಾಗಮಂಡಲಕ್ಕೆ ಹೋಗುವ ದಾರಿಯಲ್ಲಿ ನಮ್ಮ ಮನೆ. ಕಳೆದ ನವೆಂಬರಿನಲ್ಲಿ ತಂದ ಆರು ಜೆರೇನಿಯಂ ಗಿಡಗಳು ಜನವರಿಯಿಂದ ಮೇ ಮಧ್ಯದವರೆಗೆ ಬಿಡುವಿಲ್ಲದೆ ಹೂ ಬಿಟ್ಟವು. ಕಾಫಿ ಕೊಯ್ಲಿನ ಗಡಿಬಿಡಿಯಲ್ಲಿ ನಾಲ್ಕೈದು ದಿನ ನೀರು ಹಾಕಲು ಮರೆತಾಗಲೂ ಒಂದೆಲೆ ಬಾಡಿರಲಿಲ್ಲ. ಜೂನ್‌ನಲ್ಲಿ ಮಳೆ ಹಿಡಿದ ಕೂಡಲೇ ಕುಂಡಗಳನ್ನು ಅಂಗಳದಿಂದ ಎತ್ತಿ ಜಗಲಿಯ ಅಂಚಿನಲ್ಲಿ ಇಟ್ಟೆ. ಈಗ ಮೂರು ಗಿಡಗಳ ಕಾಂಡ ಮಣ್ಣಿಗೆ ತಾಗುವಲ್ಲಿ ಇದ್ದಿಲಿನಂತೆ ಕಪ್ಪಾಗಿದೆ, ಬೆರಳಿನಿಂದ ಒತ್ತಿದರೆ ಸಿಪ್ಪೆ ಜಾರಿ ಕೈಗೆ ಬರುತ್ತದೆ. ಇನ್ನೆರಡರ ಎಲೆಗಳ ಮೇಲೆ ಹಳದಿ ಚುಕ್ಕೆ, ಅಡಿಯಲ್ಲಿ ಕಂದು ಪುಡಿ ಕಾಣುತ್ತಿದೆ. ತೋಟದ ಅರೇಬಿಕಾ ಕಾಫಿಗೆ ಬರುವ ಎಲೆ ತುಕ್ಕು ಇದಕ್ಕೂ ಹರಡಿತೇ? ತೋಟಕ್ಕೆ ಹೊಡೆದು ಉಳಿದ ಬೋರ್ಡೋ ದ್ರಾವಣವನ್ನು (ಮೈಲುತುತ್ತ-ಸುಣ್ಣದ ಔಷಧ) ಇದಕ್ಕೂ ಹೊಡೆಯಬಹುದೇ? ಆರನೆಯ ಗಿಡವನ್ನು ಮನೆಯೊಳಗಿನ ಕೋಣೆಗೆ ತಂದಿಟ್ಟರೆ ಒಂದೇ ರಾತ್ರಿಯಲ್ಲಿ ಹೂದಳಗಳೆಲ್ಲ ಉದುರಿ ನೆಲಕ್ಕೆ ಬಿದ್ದವು. ಅದಕ್ಕೆ ಕಾರಣವೂ ತಿಳಿಯಲಿಲ್ಲ.

ಕರಿಮೆಣಸು (ಸೋಮವಾರಪೇಟೆ):

ನಿಮ್ಮ ಗಿಡಗಳಿಗೆ ಆರೈಕೆ ಕಡಿಮೆಯಾದದ್ದಲ್ಲ, ನೀರು ಹೆಚ್ಚಾದದ್ದು. ನಾವು ಕುಂಡದಲ್ಲಿ ಬೆಳೆಸುವ ಜೆರೇನಿಯಂ ಸಸ್ಯಶಾಸ್ತ್ರದ ಲೆಕ್ಕದಲ್ಲಿ ಪೆಲಾರ್ಗೋನಿಯಂ. ಸಸ್ಯವಿಜ್ಞಾನಿ ಲಿನೇಯಸ್ ನಿಜವಾದ ಜೆರೇನಿಯಂ, ಪೆಲಾರ್ಗೋನಿಯಂ ಎರಡನ್ನೂ ಒಂದೇ ಕುಲದಲ್ಲಿ ಇಟ್ಟಿದ್ದನು, 1789ರಲ್ಲಿ ಅವು ಬೇರೆಯಾದರೂ ಹಳೆಯ ಹೆಸರು ಜನರ ಬಾಯಲ್ಲಿ ಉಳಿದುಕೊಂಡಿತು. ಈ ಗಿಡದ ತವರು ದಕ್ಷಿಣ ಆಫ್ರಿಕಾ. ಕಾಂಡ ದಪ್ಪಗೆ ರಸಭರಿತವಾಗಿರುವುದು ನೀರಿಲ್ಲದ ದಿನಗಳಿಗಾಗಿ ಕೂಡಿಟ್ಟುಕೊಳ್ಳಲು. ಕೊಯ್ಲಿನ ಕಾಲದ ನಿಮ್ಮ ಮರೆವು ಅದಕ್ಕೆ ಒಗ್ಗಿದ್ದು ಇದೇ ಕಾರಣಕ್ಕೆ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿಯುವ ಮಡಿಕೇರಿಯಲ್ಲಿ ಚಳಿ ಇದನ್ನು ಕೊಲ್ಲುವುದಿಲ್ಲ, ತೇವ ಕೊಲ್ಲುತ್ತದೆ.

ಜಗಲಿಯ ಅಂಚು ಎಂದಿರಿ. ಅದು ನೆರಳೇ ಹೊರತು ಒಣ ಜಾಗವಲ್ಲ. ಹೆಂಚಿನ ಸೂರಿನ ನೀರು ನೆಲಕ್ಕೆ ಬಿದ್ದು ಚಿಮ್ಮಿ ಕುಂಡದ ಬುಡಕ್ಕೇ ಬಡಿಯುತ್ತದೆ. ಬುಡ ಕಪ್ಪಾಗಿ ಮೆತ್ತಗಾಗುವುದು ಪಿಥಿಯಂ ಎಂಬ ಸೂಕ್ಷ್ಮಜೀವಿಯ ಕೆಲಸ. ಕೊಳೆತ ಭಾಗವನ್ನು ಯಾವ ಔಷಧವೂ ಮರಳಿ ಗಟ್ಟಿ ಮಾಡದು. ಆ ಮೂರು ಗಿಡಗಳನ್ನು ಬೇರುಸಹಿತ ತೆಗೆದು ಮಣ್ಣನ್ನೂ ದೂರ ಸುರಿಯಿರಿ. ಗೊಬ್ಬರದ ಗುಂಡಿಗೆ ಮಾತ್ರ ಹಾಕಬೇಡಿ.

ಹಳೇತೋಟ (ವಿರಾಜಪೇಟೆ):

ತುಕ್ಕಿನ ವಿಷಯ ನಾನು ಹೇಳುತ್ತೇನೆ, ಏಕೆಂದರೆ ಇದೇ ಅನುಮಾನದಿಂದ ನಾನೊಮ್ಮೆ ಕಾಫಿ ಗಿಡಗಳ ಪಕ್ಕದಲ್ಲಿದ್ದ ಕುಂಡಗಳನ್ನೆಲ್ಲ ಸುಮ್ಮನೆ ದೂರ ಸಾಗಿಸಿದ್ದೆ. ಕಾಫಿಯ ತುಕ್ಕು ಹೆಮಿಲಿಯಾ ಎಂಬ ಶಿಲೀಂಧ್ರದ್ದು, ಅದರ ಪುಡಿ ಕಿತ್ತಳೆ ಬಣ್ಣದ್ದು. ಜೆರೇನಿಯಂ ತುಕ್ಕು ಪಕ್ಸಿನಿಯಾ ಕುಲದ ಬೇರೊಂದು ಶಿಲೀಂಧ್ರದ್ದು. ಎಲೆಯನ್ನು ಮಗುಚಿ ಬೆಳಕಿಗೆ ಹಿಡಿಯಿರಿ: ಕಂದು ಪುಡಿ ನೀರಿಗೆ ಕಲ್ಲು ಎಸೆದಾಗ ಏಳುವ ಅಲೆಗಳಂತೆ ಒಂದರ ಸುತ್ತ ಒಂದು ಉಂಗುರವಾಗಿ ಕುಳಿತಿದ್ದರೆ ಅದು ಜೆರೇನಿಯಂನದೇ ತುಕ್ಕು. ಇದು ಕಾಫಿಗೆ ಹೋಗದು, ಅದು ಇದಕ್ಕೆ ಬಾರದು. ಚುಕ್ಕೆ ಇರುವ ಎಲೆಗಳನ್ನು ಅಲುಗಾಡಿಸದೆ ಕಿತ್ತು ಸುಟ್ಟುಬಿಡಿ. ಎಲೆ ಒದ್ದೆಯಿದ್ದರೆ ಮಾತ್ರ ಆ ಬೀಜಾಣುಗಳು ಮೊಳೆಯುತ್ತವೆ, ಆದ್ದರಿಂದ ನೀರನ್ನು ತಲೆಯ ಮೇಲಿಂದ ಹೊಯ್ಯದೆ ಬುಡಕ್ಕಷ್ಟೇ ಕೊಡಿ.

ಉಳಿದ ಬೋರ್ಡೋ ಬೇಡ. ಮೈಲುತುತ್ತವನ್ನೂ ಸುಣ್ಣವನ್ನೂ ಕಲಸಿದ ದಿನವೇ ಬಳಸಬೇಕೆಂಬುದು ತೋಟದವರಿಗೆ ಗೊತ್ತಿರುವ ಮಾತೇ. ಮರುದಿನಕ್ಕೆ ಅದರ ಕಸುವು ಇಳಿದಿರುತ್ತದೆ. ಹೊಸದಾಗಿ ಕಲಸಿದರೂ ದಿನಗಟ್ಟಲೆ ಒಣಗದ ಮಂಜಿನಲ್ಲಿ ತಾಮ್ರ ಎಲೆಯನ್ನೇ ಸುಡಬಹುದು.

ಒಣಭೂಮಿ (ಕುಶಾಲನಗರ):

ನಮ್ಮ ಕಡೆ ಮಳೆ ಕಡಿಮೆ, ಹಾಗಾಗಿ ಕೊಳೆಯ ಅನುಭವ ನನಗೆ ಅಷ್ಟಿಲ್ಲ. ಆದರೆ ಮಣ್ಣಿನ ಬಗ್ಗೆ ಒಂದು ಮಾತು. ತೋಟದ ಕೆಂಪು ಮಣ್ಣನ್ನು ಹಾಗೆಯೇ ಕುಂಡಕ್ಕೆ ತುಂಬುವುದು ನಮ್ಮೆಲ್ಲರ ಅಭ್ಯಾಸ. ಆ ಮಣ್ಣು ಹುಳಿ. ಜೆರೇನಿಯಂ ಇಷ್ಟಪಡುವುದು 6ರಿಂದ 6.5ರ ಆಸುಪಾಸಿನ ಪಿಎಚ್ (ಹುಳಿಯ ಅಳತೆ, ಇಳಿದಷ್ಟೂ ಹುಳಿ ಹೆಚ್ಚು). ಅದಕ್ಕಿಂತ ಬಹಳ ಇಳಿದರೆ ಗಿಡ ಕಬ್ಬಿಣ ಮತ್ತು ಮ್ಯಾಂಗನೀಸನ್ನು ಅತಿಯಾಗಿ ಹೀರಿ ಎಲೆಯಂಚಿನಲ್ಲಿ ಕಂದು ಚುಕ್ಕೆ ಬರುತ್ತದೆ, ಅದನ್ನು ರೋಗವೆಂದು ತಿಳಿದು ಔಷಧ ಹೊಡೆಯುವವರೂ ಇದ್ದಾರೆ. ಕಾಫಿಗೆ ಹಾಕುವ ಕೃಷಿ ಸುಣ್ಣದಲ್ಲೇ ಒಂದು ಚಿಟಿಕೆಯನ್ನು ಮಣ್ಣಿಗೆ ಬೆರೆಸಿ, ಮೂರನೆಯ ಒಂದು ಪಾಲು ದಪ್ಪ ಮರಳು ಸೇರಿಸಿ. ಮಳೆಗಾಲದಲ್ಲಿ ಗೊಬ್ಬರ ಕೊಡಲೇಬೇಡಿ. ಬೆಳಕಿಲ್ಲದ ದಿನಗಳಲ್ಲಿ ಸಾರಜನಕ ಸಿಕ್ಕರೆ ಗಿಡ ಸೊರಗಿದ ಉದ್ದ ಕಾಂಡವಾಗುತ್ತದೆ.

ಜಗಲಿಯಂಚು:

ಎಲ್ಲರಿಗೂ ಧನ್ಯವಾದ. ಎಲೆ ಮಗುಚಿ ನೋಡಿದೆ, ಉಂಗುರಗಳೇ ಇವೆ. ಕೊಳೆತ ಮೂರರಲ್ಲಿ ಒಂದರ ತುದಿ ಇನ್ನೂ ಹಸಿರಾಗಿ ಗಟ್ಟಿಯಾಗಿದೆ, ಅದರಿಂದ ಹೊಸ ಗಿಡ ಮಾಡಬಹುದೇ? ಈಗ ಮಳೆಯೇ ಇರುವುದರಿಂದ ದಾಸವಾಳದಂತೆ ಮಣ್ಣಿಗೆ ಚುಚ್ಚಿದರೆ ಸಾಕಲ್ಲವೇ?

ಕರಿಮೆಣಸು (ಸೋಮವಾರಪೇಟೆ):

ಎಡವುವುದು ಅಲ್ಲಿಯೇ. ಕೊಡಗಿನಲ್ಲಿ ದಾಸವಾಳ, ಕ್ರೋಟನ್, ಮೆಣಸಿನ ಬಳ್ಳಿ ಎಲ್ಲವನ್ನೂ ಮಳೆ ಹಿಡಿದ ಮೇಲೆ ನೆಟ್ಟು ನಮ್ಮ ಕೈ ಪಳಗಿದೆ. ಜೆರೇನಿಯಂಗೆ ಆ ಲೆಕ್ಕ ತಿರುಗುಮುರುಗು. ಇದರ ತುಂಡುಗಳನ್ನು ಮೇ ತಿಂಗಳಲ್ಲಿ, ಮುಂಗಾರಿಗೆ ಮೊದಲೇ ಬೇರು ಬರಿಸಿ, ಎಳೆಯ ಗಿಡಗಳನ್ನು ಒಳಗೆ ಕಿಟಕಿಯ ಬಳಿ ಇಟ್ಟುಕೊಳ್ಳಬೇಕು. ನಾನು ಈಗ ತಾಯಿಗಿಡಗಳನ್ನು ಉಳಿಸಲು ಹೆಣಗುವುದನ್ನೇ ಬಿಟ್ಟಿದ್ದೇನೆ, ಹೋದರೆ ಹೋಗಲಿ.

ಈ ವರ್ಷಕ್ಕೆ ಆ ತುದಿಯನ್ನೇ ಪ್ರಯತ್ನಿಸಿ. ಕಪ್ಪಿನಿಂದ ಸಾಕಷ್ಟು ಮೇಲೆ, ಗೆಣ್ಣಿನ ಕೆಳಗೆ, ಹರಿತವಾದ ಚಾಕುವಿನಿಂದ ನಾಲ್ಕಂಗುಲದ ತುಂಡು ಕತ್ತರಿಸಿ. ಕೊಯ್ದ ಮುಖದ ಮಧ್ಯದಲ್ಲಿ ಕಂದು ಗೆರೆ ಕಂಡರೆ ಅದು ಪೂರ್ತಿ ತಿಳಿ ಹಸಿರಾಗುವವರೆಗೆ ಮತ್ತೆ ಮತ್ತೆ ಮೇಲಕ್ಕೆ ಕತ್ತರಿಸುತ್ತ ಹೋಗಿ, ಪ್ರತಿ ಸಲವೂ ಚಾಕು ಒರೆಸಿ. ತುದಿಯ ಎರಡು ಮೂರು ಎಲೆ ಬಿಟ್ಟು ಉಳಿದದ್ದನ್ನು ಚಿವುಟಿ, ಒಂದು ರಾತ್ರಿ ಕಾಗದದ ಮೇಲೆ ಹಾಗೇ ಬಿಟ್ಟು ಗಾಯ ಒಣಗಲು ಕೊಡಿ. ಆಮೇಲೆ ತೊಳೆದ ಮರಳಿಗೆ ನೆಟ್ಟು ಒಮ್ಮೆ ನೀರು ಕೊಟ್ಟು ಕಾಯಿರಿ. ಪ್ಲಾಸ್ಟಿಕ್ ಚೀಲ ಮುಚ್ಚಬೇಡಿ, ಬೂಷ್ಟು ಬರುತ್ತದೆ. ಮೂರು ನಾಲ್ಕು ವಾರದಲ್ಲಿ ಬೇರು ಬರುತ್ತದೆ.

ದಳ ಉದುರಿದ ಕೋಣೆಯಲ್ಲಿ ಬಾಳೆಗೊನೆ ಏನಾದರೂ ತೂಗುಹಾಕಿದ್ದಿರಾ? ಹಣ್ಣಾಗುವ ಗೊನೆಯಿಂದ ಎಥಿಲೀನ್ ಅನಿಲ ಹೊರಡುತ್ತದೆ, ಒಲೆಯ ಹೊಗೆಯಲ್ಲಿಯೂ ಅದಿರುತ್ತದೆ. ಜೆರೇನಿಯಂ ದಳಗಳು ಅದನ್ನು ಸ್ವಲ್ಪವೂ ತಾಳವು.

ಜಗಲಿಯಂಚು:

ಗೊನೆ ತೂಗುಹಾಕಿದ್ದು ನಿಜ, ಅದೂ ಕುಂಡದ ನೇರ ಮೇಲೆ. ಮಳೆಯೆಂದು ಕಿಟಕಿಯನ್ನೂ ಮುಚ್ಚಿದ್ದೆ. ಗಿಡವನ್ನು ಎದುರಿನ ಕೋಣೆಗೆ ಸಾಗಿಸಿದ್ದೇನೆ. ತುಂಡಿನಲ್ಲಿ ಎರಡು ಸಲ ಕಂದು ಗೆರೆ ಸಿಕ್ಕಿತು, ಮೂರನೆಯ ಕೊಯ್ತಕ್ಕೆ ಹಸಿರು ಬಂತು; ಉಳಿದದ್ದು ಎರಡೂವರೆ ಅಂಗುಲ ಮಾತ್ರ, ಅದನ್ನೇ ಕಾಗದದ ಮೇಲೆ ಒಣಗಲು ಇಟ್ಟಿದ್ದೇನೆ.