ಚರ್ಮಕ್ಕೆ ಹಚ್ಚುವ ಔಷಧ: ಪಶುವೈದ್ಯರಿಗೆ ಕೇಳಿ

ಸ್ಮಿತಾ: ಡಾಕ್ಟ್ರೇ, ನಾಯಿಯ ಚಿಗಟಕ್ಕೆ ಬೆನ್ನ ಮೇಲೆ ಬಿಡುವ ಹನಿ ಔಷಧವನ್ನು ಬೆಕ್ಕಿಗೂ ಹಾಕಬಹುದಾ? ಅರ್ಧ ಡೋಸ್?

ಡಾಕ್ಟರ್: ಬೇಡ. ಅದರಲ್ಲಿ ಪರ್ಮೆಥ್ರಿನ್ ಎಂಬ ಕೀಟನಾಶಕ ಇದ್ದರೆ ಒಂದು ಹನಿಯೂ ಬೇಡ. ನಡುಕ, ಫಿಟ್ಸ್ ಬಂದು ಬೆಕ್ಕಿನ ಜೀವವೇ ಹೋಗಬಹುದು.

ಮಹೇಶ್: ನಾನು ಕೂದಲು ಬೆಳೆಯಲು ತಲೆಗೆ ಮಿನಾಕ್ಸಿಡಿಲ್ ಹಚ್ಚುತ್ತೇನೆ. ಬೆಕ್ಕು ಮಲಗುವುದು ನನ್ನ ದಿಂಬಿನ ಮೇಲೆ. ನಿನ್ನೆಯಿಂದ ಏನೂ ತಿಂದಿಲ್ಲ, ಮಂಕಾಗಿದೆ, ಉಸಿರು ಜೋರಾಗಿದೆ. ಏನಾದ್ರೂ ಸಂಬಂಧ ಇದೆಯಾ?

ಡಾಕ್ಟರ್: ಮಹೇಶ್, ಮೊದಲು ಬೆಕ್ಕನ್ನು ಎತ್ತಿಕೊಂಡು ಆಸ್ಪತ್ರೆಗೆ ಹೊರಡಿ, ಆಮೇಲೆ ಓದಿ. ಬಾಟಲಿ ಜೊತೆಗಿರಲಿ. ಈಗ ಸ್ನಾನ ಮಾಡಿಸಬೇಡಿ, ಉಸಿರಾಡಲು ಒದ್ದಾಡುವ ಬೆಕ್ಕಿಗೆ ಆ ಗಾಬರಿಯೇ ಸಾಕು.
ನಿಮ್ಮ ನೆತ್ತಿಯಿಂದ ಒಳಗೆ ಇಳಿಯುವುದು ಹಚ್ಚಿದ್ದರಲ್ಲಿ ಸರಾಸರಿ ಶೇ. 1.4 ಮಾತ್ರ. ಉಳಿದದ್ದು ಕೂದಲಿಗೆ, ದಿಂಬಿಗೆ. ಅಲ್ಲಿಂದ ಬೆಕ್ಕಿನ ಮೈಗೆ. ಅದು ಮೈ ನೆಕ್ಕುತ್ತದೆ, ಅಂದರೆ ಔಷಧ ನೇರ ಹೊಟ್ಟೆಗೆ. ಇಂಥದ್ದನ್ನು ಕರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಲಿವರಿಗೆ ತೀರಾ ಕಡಿಮೆ. ಬಿಪಿ ಕುಸಿಯುತ್ತದೆ, ಎದೆಯಲ್ಲಿ ನೀರು ತುಂಬುತ್ತದೆ. ನಿಮಗೆ ಏನೂ ಆಗದ ಪ್ರಮಾಣ ಅದಕ್ಕೆ ವಿಷ.

ರವಿ: ರಾಸಾಯನಿಕ ಯಾಕೆ ಬೇಕು? ಫಾರ್ವರ್ಡ್ ಬಂದಿತ್ತು: ಚಿಗಟಕ್ಕೆ ಟೀ ಟ್ರೀ ಎಣ್ಣೆ ಹಚ್ಚಿ. ನೈಸರ್ಗಿಕ, ಚರ್ಮದೊಳಗೆ ಹೋಗಲ್ಲ.

ಡಾಕ್ಟರ್: ಹೋಗುತ್ತದೆ. ಎಣ್ಣೆಯಲ್ಲಿ ಕರಗುವ ಸಣ್ಣ ಅಣುಗಳಿಗೇ ಚರ್ಮ ಸುಲಭವಾಗಿ ದಾರಿ ಬಿಡುವುದು. ನಾಯಿ, ಬೆಕ್ಕು ಎರಡಕ್ಕೂ ಅಪಾಯ. ಆ ಫಾರ್ವರ್ಡ್ ಅಳಿಸಿ.

ರವಿ: ಮೊಲದ ಮೇಲೆ ಪರೀಕ್ಷೆ ಮಾಡೇ ತಾನೇ ಎಲ್ಲ ಮಾರೋದು?

ಲತಾ: ಮೊಲದ ಚರ್ಮವೂ ನಮ್ಮದೂ ಒಂದೇನಾ? ಆ ಪರೀಕ್ಷೆಯೇ ದಂಡ.

ರವಿ: ಹಾಗಾದ್ರೆ ನಿಮ್ಮ ಮೇಲೆ ಮಾಡೋಣ್ವಾ?

ಲತಾ: ಮಾತು ಸರಿ ಇರಲಿ.

ಗೀತಾ: ಮೊಲಕ್ಕೆ ಮಕ್ಕಳ ಶಾಂಪೂ ಹಾಕಬಹುದಾ?

ಡಾಕ್ಟರ್: ಇಬ್ಬರೂ ಸುಮ್ನೆ ಜಗಳ ಆಡ್ತಿದ್ದೀರಿ. ಮೊಲ, ಇಲಿಗಳ ಚರ್ಮ ಸಾಮಾನ್ಯವಾಗಿ ನಮ್ಮದಕ್ಕಿಂತ ಜಾಸ್ತಿ ಒಳಬಿಡುತ್ತದೆ. ಹಂದಿಯದು ನಮಗೆ ಹತ್ತಿರ. ಲ್ಯಾಬಿನಲ್ಲಿ ಹಂದಿ ಕಿವಿಯ ಚರ್ಮವನ್ನು ಎರಡು ಗಾಜಿನ ಪಾತ್ರೆಗಳ ನಡುವೆ ಬಿಗಿದು, ಮೇಲೆ ಔಷಧ ಹಾಕಿ, ಕೆಳಗಿನ ದ್ರವಕ್ಕೆ ಎಷ್ಟು ಇಳಿಯಿತು ಅಂತ ಅಳೆಯುತ್ತಾರೆ. ಅಷ್ಟೇಕೆ, ಮನುಷ್ಯನ ಮೈಯಲ್ಲೇ ಎಲ್ಲ ಕಡೆ ಒಂದೇ ಥರ ಇಲ್ಲ. 1967ರಲ್ಲಿ ಫೆಲ್ಡ್‌ಮನ್, ಮೈಬಾಕ್ ಎಂಬ ಸಂಶೋಧಕರು ಅಳೆದಾಗ ಹೈಡ್ರೋಕಾರ್ಟಿಸೋನ್ ಎಂಬ ಸ್ಟೀರಾಯ್ಡ್ ಔಷಧ ಮುಂಗೈಗಿಂತ ಹಣೆಯಲ್ಲಿ 6 ಪಟ್ಟು, ವೃಷಣದ ಚರ್ಮದಲ್ಲಿ 42 ಪಟ್ಟು ಒಳಗೆ ಹೋಗಿತ್ತು.

ಕಿರಣ್: ಸರ್, ನಾಯಿ ಔಷಧ ಬೆಕ್ಕಿಗೆ ಸ್ವಲ್ಪವೇ ಹಾಕಿದ್ರೆ?

ಡಾಕ್ಟರ್: ಮೇಲೆ ಓದಿ.

ರವಿ: 42 ಪಟ್ಟು ಅಂತೆ! ಲತಾ ಮೇಡಂ, ಇದೂ ದಂಡಾನಾ?

ಲತಾ: ಅಡ್ಮಿನ್, ಇವರನ್ನು ತೆಗೀತೀರಾ, ನಾನೇ ಹೋಗ್ಲಾ?

ಡಾಕ್ಟರ್: ಮಹೇಶ್ ಎಲ್ಲಿ?

ಮಹೇಶ್: ಆಸ್ಪತ್ರೆಯಲ್ಲಿದ್ದೇನೆ ಸರ್. ಎದೆಯಲ್ಲಿ ನೀರಿದೆಯಂತೆ. ಆಕ್ಸಿಜನ್ ಕೊಡ್ತಿದ್ದಾರೆ.

ಡಾಕ್ಟರ್: ಬಾಟಲಿ ತೋರಿಸಿದಿರಾ? ಮನೆಯವರಿಗೆ ಫೋನ್ ಮಾಡಿ, ದಿಂಬಿನ ಕವರ್, ಟವೆಲ್ ಎಲ್ಲ ಒಗೆಯಲಿ. ಬೇರೆ ಬೆಕ್ಕಿದ್ದರೆ ಆ ಕೋಣೆಗೆ ಬಿಡಬೇಡಿ.