ದೊಡ್ಡವರಾದ್ಮೇಲೆ ಸ್ಕೇಟಿಂಗ್ ಕಲಿತು ಐಸ್ ಹಾಕಿ ಆಡ್ಬೋದಾ? ಕಲಿತಿರೋರು ದಯವಿಟ್ಟು ಹೇಳಿ

ಪಕ್‌ಪ್ರೇಮಿ:
ಎಲ್ರಿಗೂ ನಮಸ್ಕಾರ. ನಾನು ಐಸ್ ಹಾಕಿ ನೋಡ್ತಾ ಬಂದು ಸುಮಾರು ವರ್ಷ ಆಯ್ತು, ಎನ್‌ಎಚ್‌ಎಲ್ (ಉತ್ತರ ಅಮೆರಿಕದ ದೊಡ್ಡ ಐಸ್ ಹಾಕಿ ಲೀಗ್) ಚಾಂಪಿಯನ್ ಯಾರು ಅಂತ ತೀರ್ಮಾನ ಆಗೋ ಸ್ಟ್ಯಾನ್ಲಿ ಕಪ್ ಪ್ಲೇಆಫ್ ಶುರುವಾದ್ರೆ ಮ್ಯಾಚ್ ಎಷ್ಟು ಓವರ್‌ಟೈಮ್‌ಗೆ ಹೋದ್ರೂ ಮುಗಿಯೋ ತನಕ ಏಳಲ್ಲ. 2025ರ ಏಪ್ರಿಲ್ 6ಕ್ಕೆ ಎನ್‌ಎಚ್‌ಎಲ್ ಆಟಗಾರ ಓವೆಚ್ಕಿನ್ ತಮ್ಮ 895ನೇ ಗೋಲ್ ಹೊಡೆದು, ಹಳೇ ದಿಗ್ಗಜ ಗ್ರೆಟ್ಸ್ಕಿಯ 894 ಗೋಲ್‌ಗಳ ದಾಖಲೆ ಮುರಿದು ಹಂಗೇ ಐಸ್ ಮೇಲೆ ಹೊಟ್ಟೆ ಕೊಟ್ಟು ಜಾರಿಕೊಂಡು ಹೋದ್ರಲ್ಲ, ಅದನ್ನ ನೋಡಿ ಕಣ್ಣಲ್ಲಿ ನೀರೇ ಬಂತು. ಆದ್ರೆ ನಂಗೆ ಗೋಲ್‌ಗಿಂತ ಜಾಸ್ತಿ ಹುಚ್ಚು ಹಿಡಿಸಿರೋದು ಅದೇ ಲೀಗಿನ ಇನ್ನೊಬ್ಬ ಆಟಗಾರ ಮೆಕ್‌ಡೇವಿಡ್ ಓಟ. ತಿರುವಲ್ಲಿ ಬೇರೆಯವರೆಲ್ಲ ವೇಗ ಕಳ್ಕೊಂಡ್ರೆ ಈ ಮನುಷ್ಯ ಅಲ್ಲೇ ವೇಗ ಜಾಸ್ತಿ ಮಾಡ್ಕೊಳ್ತಾರೆ, ಅದು ಹೆಂಗೆ ಅಂತ ನನ್ನ ಕಾಲಿಗೇ ಗೊತ್ತಾಗ್ಬೇಕು ಅನ್ನೋ ಆಸೆ.

ಈಗ ಮೂವತ್ತೆಂಟನೇ ವಯಸ್ಸಲ್ಲಿ ಕಲಿಯಕ್ಕೆ ಹೋಗ್ತಿದ್ದೀನಿ. ಗೋಡೆ ಬಿಟ್ಟು ನಿಧಾನಕ್ಕೆ ಮುಂದೆ ಹೋಗೋಷ್ಟು ಬಂದಿದೆ, ಆದ್ರೆ ಬಾಡಿಗೆ ಸ್ಕೇಟ್ಸ್ ಹಾಕಿದ್ರೆ ಪಾದದ ಗಂಟು ಒಳಗಡೆ ವಾಲತ್ತೆ, ಸ್ವಲ್ಪ ಹೊತ್ತಿಗೆ ಅಂಗಾಲು ಹಿಡ್ಕೊಳತ್ತೆ, ಹಿಂದಕ್ಕೆ ಬಿದ್ದು ತಲೆಗೆ ಏಟಾದ್ರೆ ಅನ್ನೋ ಭಯ ಅಂತೂ ಬಿಡ್ತಾನೇ ಇಲ್ಲ. ಸ್ವಂತ ಸ್ಕೇಟ್ಸ್ ತಗೊಂಡ್ರೆ ಸರಿ ಹೋಗತ್ತಾ? ಇನ್‌ಲೈನ್ ಸ್ಕೇಟ್ಸಲ್ಲಿ (ಒಂದೇ ಸಾಲಲ್ಲಿ ಚಕ್ರ ಇರೋದು) ಹೊರಗಡೆ ಪ್ರಾಕ್ಟೀಸ್ ಮಾಡಿದ್ರೆ ಉಪಯೋಗ ಇದ್ಯಾ? ಸ್ಟಿಕ್ ಯಾವಾಗಿಂದ ಹಿಡೀಬೇಕು? ನಿಜವಾಗ್ಲೂ ಒಂದಿನ ಮ್ಯಾಚ್ ಆಡೋ ಮಟ್ಟಕ್ಕೆ ಬರಕ್ಕಾಗತ್ತಾ, ದೊಡ್ಡವರಾದ್ಮೇಲೆ ಶುರು ಮಾಡಿರೋರು ಯಾರಾದ್ರೂ ಇದ್ರೆ ಹೇಳಿ.

ನೀಲಿಗೆರೆ:
ಖಂಡಿತ ಆಗತ್ತೆ ಸರ್. ನಮ್ಮ ಟೀಮಲ್ಲಿ ಅರ್ಧ ಜನ ದೊಡ್ಡವರಾದ್ಮೇಲೇ ಐಸ್ ಮೇಲೆ ಕಾಲಿಟ್ಟೋರು.

ಮೊದ್ಲು ಸ್ಕೇಟ್ಸ್ ವಿಷಯ, ಯಾಕಂದ್ರೆ ನಿಮ್ಮ ಅರ್ಧ ತೊಂದರೆ ಅಲ್ಲೇ ಇದೆ. ಗಂಟು ವಾಲೋದು ಕಾಲು ವೀಕ್ ಅಂತ ಅಲ್ಲ. ಬಾಡಿಗೆ ಶೂ ನೂರಾರು ಜನ ಹಾಕಿ ಹಾಕಿ ಮೆತ್ತಗಾಗಿರತ್ತೆ, ಅದರ ಮೇಲೆ ನಾವು ಮಾಮೂಲಿ ಶೂ ಸೈಜೇ ಕೇಳಿ ತಗೊಳ್ತೀವಿ. ಹಾಕಿ ಸ್ಕೇಟ್ ಸಾಮಾನ್ಯವಾಗಿ ಮಾಮೂಲಿ ಶೂಗಿಂತ ಒಂದರಿಂದ ಒಂದೂವರೆ ಸೈಜ್ ಚಿಕ್ಕದು ಬರತ್ತೆ. ನೆಟ್ಟಗೆ ನಿಂತಾಗ ಬೆರಳ ತುದಿ ಮುಂದೆ ಸುಮ್ನೆ ತಾಗ್ಬೇಕು, ಮಂಡಿ ಬಗ್ಗಿಸಿದ್ರೆ ಹಿಮ್ಮಡಿ ಹಿಂದಕ್ಕೆ ಕೂತು ಬೆರಳು ಬಿಡಿಸ್ಕೋಬೇಕು. ಹಿಮ್ಮಡಿ ಒಳಗಡೆ ಮೇಲಕ್ಕೆ ಎದ್ರೆ ಆ ಶೂ ಬೇಡವೇ ಬೇಡ. ಅಂಗಾಲು ನೋವಿಗೆ ಕಾರಣ ಬಹುತೇಕ ಭಯ, ಗೊತ್ತಿಲ್ದೇನೇ ಬೆರಳು ಮಡಚಿ ನೆಲ ಹಿಡ್ಕೊಳಕ್ಕೆ ನೋಡ್ತೀವಿ. ಲೇಸ್‌ನ ಬೆರಳ ಹತ್ರ ಸಡಿಲ ಬಿಟ್ಟು, ಪಾದ ಮಡಚೋ ಜಾಗದಲ್ಲಿ ಗಟ್ಟಿ ಎಳೆದು, ಮೇಲುಗಡೆ ಮಂಡಿ ಬಗ್ಗೋಷ್ಟು ಜಾಗ ಬಿಡಿ.

ಎರಡನೇದು ಸಾಣೆ. ಬ್ಲೇಡ್ ದಪ್ಪ ಸುಮಾರು 3 ಮಿಲಿಮೀಟರ್, ಅದರ ತಳ ಸಪಾಟಾಗಿರಲ್ಲ, ನಡುವೆ ತಗ್ಗು, ಎರಡು ಕಡೆ ಎರಡು ಅಂಚು. ಒಳಗಿನ ಅಂಚು, ಹೊರಗಿನ ಅಂಚು, ಇಡೀ ಆಟ ನಿಂತಿರೋದು ಇವೆರಡರ ಮೇಲೆ. ಬಾಡಿಗೆ ಸ್ಕೇಟಲ್ಲಿ ಅಂಚೇ ಸವೆದು ಹೋಗಿದ್ರೆ ನೀವು ಎಷ್ಟು ಸರಿಯಾಗಿ ತಳ್ಳಿದ್ರೂ ಕಾಲು ಪಕ್ಕಕ್ಕೆ ಜಾರತ್ತೆ, ತಪ್ಪು ನಂದೇ ಅಂದ್ಕೊಂಡು ಎಷ್ಟೋ ಜನ ಕಲಿಯೋದೇ ಬಿಟ್ಬಿಡ್ತಾರೆ, ಅದು ನಂಗೆ ತುಂಬ ಬೇಜಾರಿನ ವಿಷಯ. ಸ್ವಂತದ್ದು ತಗೊಂಡ್ರೆ ಸಾಣೆ ಹಿಡಿಸೋವಾಗ ಆ ನಡುವಿನ ತಗ್ಗಿಗೆ ಅರ್ಧ ಇಂಚು ರೇಡಿಯಸ್ ಕೇಳಿ. ನಂಬರ್ ಚಿಕ್ಕದಾದಷ್ಟು ತಗ್ಗು ಆಳ, ಹಿಡಿತ ಜಾಸ್ತಿ, ಆದ್ರೆ ಜಾರ್ತಾ ಇರೋವಾಗ ನಿಲ್ಲೋದು ಕಷ್ಟ. ಮೈ ತೂಕ ಜಾಸ್ತಿ ಇರೋರಿಗೆ 5/8 ಇಂಚು ಆರಾಮ. ಫಿಗರ್ ಸ್ಕೇಟ್ಸ್ ಅಗ್ಗಕ್ಕೆ ಸಿಕ್ತು ಅಂತ ತಗೋಬೇಡಿ, ಅದರ ಬ್ಲೇಡ್ ಉದ್ದ, ಮುಂದೆ ಹಲ್ಲಿರತ್ತೆ, ನಿಮ್ಗೆ ಬೇಕಾಗಿರೋದು ಹಾಕಿ ಸ್ಕೇಟ್ಸ್.

ನಿಧಾನಕ್ಕೆ_ಜಾರು:
ನಾನು ಬೀಳೋ ವಿಷಯ ಮಾತ್ರ ಹೇಳ್ತೀನಿ, ಯಾಕಂದ್ರೆ ದೊಡ್ಡೋರನ್ನ ತಡೆಯೋದೇ ಅದು. ಮಕ್ಕಳು ನೆಲಕ್ಕೆ ಹತ್ರ ಇರ್ತಾರೆ, ಬೀಳ್ತಾರೆ, ಎದ್ದು ಹೋಗ್ತಾರೆ. ನಮ್ಗೆ ಎತ್ತರ ಜಾಸ್ತಿ, ತೂಕ ಜಾಸ್ತಿ, ನಾಳೆ ಕೆಲಸಕ್ಕೆ ಹೋಗ್ಬೇಕು ಅನ್ನೋ ಯೋಚನೆ ಬೇರೆ. ಅದಕ್ಕೇ ಬೀಳೋದನ್ನ ಬೇಕಂತಲೇ ಕಲೀಬೇಕು. ಹೆಲ್ಮೆಟ್, ಮಂಡಿಗೆ ಮೊಣಕೈಗೆ ಪ್ಯಾಡ್, ಕೈಗೆ ಗ್ಲೌಸ್ ಹಾಕ್ಕೊಂಡು ನಿಂತಲ್ಲೇ ಕುಕ್ಕರುಗಾಲಲ್ಲಿ ಕೂತು ಪಕ್ಕಕ್ಕೆ ತೊಡೆ ಮೇಲೆ ಉರುಳಿ. ಗಲ್ಲ ಎದೆಗೆ ಒತ್ತಿರ್ಬೇಕು, ಆಗ ತಲೆ ಹಿಂದಕ್ಕೆ ಬಡಿಯಲ್ಲ. ಕೈ ಅಗಲಿಸಿ ನೆಲಕ್ಕೆ ಕೊಡಕ್ಕೆ ಹೋಗ್ಬೇಡಿ, ದೊಡ್ಡೋರಿಗೆ ಮಣಿಕಟ್ಟು ಮುರಿಯೋದು ಹೀಗೇನೇ. ಮುಷ್ಟಿ ಕಟ್ಟಿ ಕೈ ಮೈಗೆ ಹತ್ರ ಇಟ್ಕೊಳಿ. ಬಿದ್ಮೇಲೆ ನಾಲ್ಕು ಕಾಲಲ್ಲಿ ನಿಂತು, ಒಂದು ಪಾದ ಮುಂದೆ ಊರಿ, ಎರಡೂ ಕೈ ಆ ಮಂಡಿ ಮೇಲಿಟ್ಟು ಎದ್ದೇಳಿ. ಬೇಗ ಏಳಿ, ಹಿಂದಿಂದ ಯಾರೋ ಬರ್ತಿರ್ತಾರೆ.

ಹಿಂದಕ್ಕೆ ಬೀಳೋ ಭಯಕ್ಕೆ ಮದ್ದು ಮಂಡಿ. ಭಯ ಆದಾಗ ಮೈ ತಾನಾಗೇ ನೆಟ್ಟಗಾಗತ್ತೆ, ನೆಟ್ಟಗಾದ್ರೆ ತೂಕ ಹಿಮ್ಮಡಿಗೆ ಹೋಗತ್ತೆ, ಬ್ಲೇಡ್ ಹಿಂದೆ ಗುಂಡಗಿರೋದ್ರಿಂದ ಕಾಲು ಮುಂದಕ್ಕೆ ಹಾರಿ ನೀವು ಹಿಂದಕ್ಕೆ. ಕೆಳಗೆ ನೋಡಿದ್ರೆ ಮಂಡಿ ಮುಂದೆ ಬಂದು ಬೆರಳನ್ನ ಮುಚ್ಚಿರ್ಬೇಕು, ಅಷ್ಟು ಬಗ್ಗಿ. ಒಂದ್ಸಲ ನೋಡ್ಕೊಂಡ್ಮೇಲೆ ಕಣ್ಣು ಮುಂದೆ.

ಮೂರನೇ_ಪೀರಿಯಡ್:
ಸ್ಟಿಕ್ ಮೊದಲ ದಿನದಿಂದಲೇ ಹಿಡೀರಿ ಅನ್ನೋದು ನನ್ನ ಅಭಿಪ್ರಾಯ. ಹಾಕಿಗೋಸ್ಕರ ಬಂದಿದ್ದೀರಿ, ಕೈಯಲ್ಲಿ ಸ್ಟಿಕ್ ಇದ್ರೆ ಮಂಡಿ ಬಗ್ಗತ್ತೆ, ಮನಸ್ಸು ಖುಷಿಯಾಗಿರತ್ತೆ. ಪಬ್ಲಿಕ್ ಸೆಷನಲ್ಲಿ ಸ್ಟಿಕ್ ಬಿಡಲ್ಲ, ಅದಕ್ಕೆ ದೊಡ್ಡೋರ ಹಾಕಿ ಕ್ಲಾಸ್ ಇದ್ರೆ ಸೇರ್ಕೊಳಿ.

ಇನ್ನೊಂದು ವಿಷಯ, ಮ್ಯಾಚ್ ನೋಡೋ ರೀತಿ ಬದಲಾಯಿಸ್ಕೊಳಿ. ಒಂದು ಪೀರಿಯಡ್ (ಮ್ಯಾಚಿನ ಮೂರು ಭಾಗದಲ್ಲಿ ಒಂದು) ಪೂರ್ತಿ ಪಕ್ (ಚೆಂಡಿನ ಬದಲು ಆಡೋ ರಬ್ಬರ್ ಬಿಲ್ಲೆ) ಬಿಟ್ಟು ಒಬ್ಬ ಡಿಫೆನ್ಸ್‌ಮನ್ ಕಾಲು ಮಾತ್ರ ನೋಡಿ. ಹಿಂದಕ್ಕೆ ಹೋಗ್ತಾ ಹೋಗ್ತಾ ಎದುರು ಬರೋನ ವೇಗಕ್ಕೆ ತನ್ನ ವೇಗ ಹೊಂದಿಸ್ಕೊಂಡು, ಅವನು ಗೋಡೆ ಕಡೆ ಹೊರಳಿದ ತಕ್ಷಣ ಸೊಂಟ ತಿರುಗಿಸಿ ಮುಂದಕ್ಕಾಗ್ತಾನೆ, ಅಷ್ಟರಲ್ಲಿ ಒಂದಿಷ್ಟೂ ವೇಗ ಕಳ್ಕೊಂಡಿರಲ್ಲ. ಎನ್‌ಎಚ್‌ಎಲ್ ಆಟಗಾರ ಕ್ರಾಸ್ಬಿ ನೋಡಿ, ಎರಡೂ ಹಿಮ್ಮಡಿ ಒಂದಕ್ಕೊಂದು ಎದುರು ಮಾಡಿ, ಬೆರಳು ಎರಡು ಕಡೆ ಹೊರಕ್ಕೆ ತಿರುಗಿಸ್ಕೊಂಡು ಗೋಲ್ ಹಿಂದೆ ಜಾರ್ತಾ ಪಕ್ ಕಾಪಾಡ್ಕೊಳ್ತಾರೆ. ಮೆಕ್‌ಡೇವಿಡ್ ಎನ್‌ಎಚ್‌ಎಲ್‌ನ ಆಯ್ದ ಆಟಗಾರ್ರು ಸೇರೋ ಆಲ್‌ಸ್ಟಾರ್‌ನ ಅತಿ ವೇಗದ ಸ್ಕೇಟರ್ ಸ್ಪರ್ಧೆನ 2017, 2018, 2019 ಮೂರು ವರ್ಷ ಸತತ ಗೆದ್ದಿದ್ದಾರೆ, ಅವ್ರ ಗುಟ್ಟು ನೀವೇ ಹೇಳಿದ್ರಲ್ಲ, ತಿರುವು. ಕ್ರಾಸ್ಓವರ್ (ತಿರುವಲ್ಲಿ ಒಂದು ಕಾಲನ್ನ ಇನ್ನೊಂದರ ಮೇಲಿಂದ ದಾಟಿಸೋದು) ಮಾಡೋವಾಗ ಹೊರಗಿನ ಕಾಲು ತಳ್ಳೋದು ಎಲ್ರಿಗೂ ಕಾಣತ್ತೆ, ಆದ್ರೆ ಅಡಿಯಲ್ಲಿ ಹೋಗೋ ಒಳಗಿನ ಕಾಲೂ ಹೊರ ಅಂಚಿಂದ ಪೂರ್ತಿ ತಳ್ಳತ್ತೆ. ಹೊಸಬರು ಆ ಎರಡನೇ ತಳ್ಳು ಬಿಟ್ಬಿಡ್ತಾರೆ, ಸುಮ್ನೆ ಕಾಲು ದಾಟಿಸ್ತಾರೆ.

ಪಕ್‌ಪ್ರೇಮಿ:
ಅಯ್ಯೋ ಎಷ್ಟು ಚೆನ್ನಾಗಿ ಬಿಡಿಸಿ ಹೇಳಿದ್ರಿ, ಎಲ್ರಿಗೂ ಥ್ಯಾಂಕ್ಸ್. ಒಳಗಿನ ಕಾಲಿನ ವಿಷಯ ಓದಿ ಹಳೇ ವಿಡಿಯೋ ಹಾಕಿ ನಿಧಾನಕ್ಕೆ ನೋಡ್ದೆ, ನಿಜ, ಎರಡು ಸಲ ತಳ್ತಾರೆ! ಇನ್ನೊಂದೇ ಪ್ರಶ್ನೆ. ನಿಲ್ಲೋದು ಹೆಂಗೆ? ನಂಗೆ ಈಗ ಗೋಡೆನೇ ಬ್ರೇಕು.

ನೀಲಿಗೆರೆ:
ಮೊದ್ಲು ಸ್ನೋಪ್ಲೋ. ಕಾಲು ಅಗಲಿಸಿ ಬೆರಳು ಸ್ವಲ್ಪ ಒಳಗೆ ಮಾಡಿ ಹಿಮ್ಮಡಿ ಹೊರಕ್ಕೆ ಒತ್ತೋದು, ಐಸ್ ಕೆರೆದು ಪುಡಿ ಬರ್ಬೇಕು. ಅದು ಬಂದ್ಮೇಲೆ ಹಾಕಿ ಸ್ಟಾಪ್, ಅಂದ್ರೆ ಎರಡೂ ಬ್ಲೇಡ್ ಅಡ್ಡಕ್ಕೆ ತಿರುಗಿಸಿ ನಿಲ್ಲೋದು. ಅಲ್ಲಿ ಹೊಸಬರು ಬೀಳೋದು ಬ್ಲೇಡ್‌ನ ಜಾಸ್ತಿ ಓರೆ ಮಾಡೋದ್ರಿಂದ, ಓರೆ ಆದ್ರೆ ಅಂಚು ಕಚ್ಕೊಂಡ್ಬಿಡತ್ತೆ. ನಿಲ್ಲಕ್ಕೆ ಕಚ್ಚೋದು ಬೇಡ, ಕೆರೀಬೇಕು, ಅಂದ್ರೆ ಬ್ಲೇಡ್ ಹೆಚ್ಚುಕಮ್ಮಿ ನೆಟ್ಟಗಿರ್ಬೇಕು. ಗೋಡೆ ಹಿಡ್ಕೊಂಡು ನಿಂತು ಒಂದು ಕಾಲಲ್ಲಿ ಪಕ್ಕಕ್ಕೆ ಐಸ್ ಕೆರೆಯೋದು ಅಭ್ಯಾಸ ಮಾಡಿ, ಸದ್ದಲ್ಲೇ ಗೊತ್ತಾಗತ್ತೆ. ಆಮೇಲೆ ನಿಧಾನಕ್ಕೆ ಜಾರ್ತಾ ಮಂಡಿ ಬಗ್ಗಿಸಿ, ಚೂರು ಮೇಲೆದ್ದು ತೂಕ ಹಗುರ ಮಾಡಿ, ಸೊಂಟದಿಂದ ಕೆಳಗೆ ತಿರುಗಿಸಿ, ಮತ್ತೆ ಕೆಳಗೆ ಒತ್ತಿ. ಭುಜ ಮಾತ್ರ ಹೋಗ್ತಿದ್ದ ದಿಕ್ಕಿಗೇ ಇರ್ಲಿ. ಎರಡು ಕಡೆಗೂ ಕಲೀರಿ, ಬಾರದ ಕಡೆಗೆ ಜಾಸ್ತಿ ಸಮಯ ಕೊಡಿ, ಮ್ಯಾಚಲ್ಲಿ ಪಕ್ ನಿಮ್ಮ ಇಷ್ಟದ ಕಡೆಗೇ ಬರಲ್ಲ.

ಇನ್‌ಲೈನ್ ಕೇಳಿದ್ರಿ. ಬ್ಯಾಲೆನ್ಸು, ತಳ್ಳೋದು, ಕ್ರಾಸ್ಓವರ್ ಎಲ್ಲದಕ್ಕೂ ಒಳ್ಳೇದು. ಆದ್ರೆ ಚಕ್ರ ಪಕ್ಕಕ್ಕೆ ಐಸ್ ತರ ಕೆರೆಯಲ್ಲ, ಹಂಗಾಗಿ ನಿಲ್ಲೋದು ಮಾತ್ರ ಐಸ್ ಮೇಲೇ ಕಲೀಬೇಕು.

ಸ್ಟಿಕ್ ವಿಷಯದಲ್ಲಿ ಮೇಲಿನೋರ ಮಾತು ನಾನು ಒಪ್ಪಲ್ಲ. ಸ್ಟಿಕ್ ಸಿಕ್ಕಿದ್ರೆ ಅದರ ಮೇಲೆ ಭಾರ ಹಾಕಿ ಮೂರು ಕಾಲಲ್ಲಿ ನಿಲ್ತೀವಿ, ಕಣ್ಣು ಪಕ್ ಮೇಲೆ ಹೋಗತ್ತೆ, ತಲೆ ಕೆಳಗಾಗತ್ತೆ. ಒಂದೇ ಕಾಲಲ್ಲಿ ನಾಲ್ಕೈದು ಸೆಕೆಂಡ್ ಆರಾಮಾಗಿ ಜಾರಕ್ಕೆ ಬರೋ ತನಕ ಬೇಡ.

ಮೂರನೇ_ಪೀರಿಯಡ್:
ಅಲ್ಲಿವರೆಗೂ ಕಾದ್ರೆ ಬೇಜಾರಾಗಿ ಬಿಟ್ಟೋಗೋರು ಎಷ್ಟು ಜನ ಸರ್. ವಾರಕ್ಕೆ ಒಂದ್ಸಲ ಸ್ಟಿಕ್ ಇಲ್ದೆ, ಒಂದ್ಸಲ ಸ್ಟಿಕ್ ಜೊತೆ, ಹಿಂಗೆ ಮಾಡ್ಲಿ. ಮನೇಲೂ ಬಾಲ್ ಇಟ್ಕೊಂಡು ಸ್ಟಿಕ್ ಕೈಗೆ ರೂಢಿ ಮಾಡ್ಕೋಬೋದಲ್ಲ.

ಬಟರ್‌ಫ್ಲೈ_ಗೋಲ್‌ಕೀಪರ್:
ಸ್ಕೇಟಿಂಗ್ ಸರಿಯಾಗಿ ಬರ್ಲಿಲ್ಲ ಅಂದ್ರೆ ಗೋಲ್‌ಕೀಪರ್ ಆಗಿ ಅಂತ ಯಾರಾದ್ರೂ ಹೇಳೇ ಹೇಳ್ತಾರೆ, ನಂಬ್ಬೇಡಿ. ಪಕ್ಕಕ್ಕೆ ಸರಿಯೋದು, ಒಂದು ಕಂಬದಿಂದ ಇನ್ನೊಂದಕ್ಕೆ ತಳ್ಕೊಂಡು ಹೋಗಿ ಅಲ್ಲೇ ನಿಲ್ಲೋದು, ಮಂಡಿ ಮೇಲೆ ಬಿದ್ದು ಮತ್ತೆ ಏಳೋದು, ಎಲ್ಲ ಅಂಚಿನ ಕೆಲಸಾನೇ, ಅದೂ ಅಷ್ಟು ಭಾರದ ಪ್ಯಾಡ್ ಹೊತ್ಕೊಂಡು. ವಯಸ್ಸಿನ ಚಿಂತೆ ಬಂದಾಗ ನಾನು ನೆನೆಸ್ಕೊಳೋದು ಡೇವಿಡ್ ಏರ್ಸ್‌ನ. 2020ರ ಫೆಬ್ರವರಿ 22ಕ್ಕೆ ಟೊರಾಂಟೊದಲ್ಲಿ ಎನ್‌ಎಚ್‌ಎಲ್ ಟೀಮ್ ಕೆರೊಲಿನಾದ ಎರಡೂ ಗೋಲ್‌ಕೀಪರ್‌ಗೆ ಗಾಯ ಆದಾಗ, 42 ವರ್ಷದ ಈ ಎಮರ್ಜೆನ್ಸಿ ಗೋಲ್‌ಕೀಪರ್ ಇಳಿದು 10 ಹೊಡೆತದಲ್ಲಿ 8 ತಡೆದ್ರು, ಕೆರೊಲಿನಾ 6-3 ಗೆಲ್ತು. ಕಿಡ್ನಿ ಕಸಿ ಆಗಿದ್ದ ಮನುಷ್ಯ ಅವರು. ಹಳೇ ಆಟಗಾರ್ರು ನಿಜ, ಆದ್ರೂ ಆ ರಾತ್ರಿ ನೆನೆಸ್ಕೊಂಡ್ರೆ ಈಗ್ಲೂ ಮೈ ಜುಂ ಅನ್ನತ್ತೆ.

ಮ್ಯಾಚ್ ಆಡೋ ಮಟ್ಟ ಅಂದ್ರಲ್ಲ, ದೊಡ್ಡೋರ ಹೊಸಬರ ಮ್ಯಾಚಲ್ಲಿ ಸಾಮಾನ್ಯವಾಗಿ ಬಾಡಿ ಚೆಕ್ (ಎದುರಾಳಿಗೆ ಮೈಯಿಂದ ಗುದ್ದಿ ತಡೆಯೋದು) ಇರಲ್ಲ, ಎದುರಾಳೀನೂ ನಿಮ್ಮಂಗೇ ಕಲೀತಿರೋರು. ಮುಂದಕ್ಕೆ ಹೋಗೋದು, ಎರಡು ಕಡೆ ತಿರುಗೋದು, ಗೋಡೆ ಇಲ್ದೆ ನಿಲ್ಲೋದು, ಬಿದ್ರೆ ಎದ್ದೇಳೋದು, ಇಷ್ಟು ಬಂದ್ರೆ ಇಳಿಬೋದು. ಎನ್‌ಎಚ್‌ಎಲ್ ಅವ್ರೇ ಸುಮಾರು 45 ಸೆಕೆಂಡಿಗೆ ಶಿಫ್ಟ್ (ಐಸ್ ಮೇಲೆ ಆಡೋ ಒಂದು ಸರದಿ) ಮುಗಿಸಿ ಬೆಂಚಿಗೆ ಬರ್ತಾರೆ, ನೀವೂ ಉಸಿರು ಕಟ್ಟೋಕ್ ಮುಂಚೆ ಬಂದು ಕೂತ್ಕೊಳಿ. ಆಮೇಲೆ ಮನೆಗೆ ಹೋಗೋಕ್ ಮುಂಚೆ ಬ್ಲೇಡ್ ಬಟ್ಟೇಲಿ ಒರೆಸಿ, ಬಟ್ಟೆ ಕವರ್ ಹಾಕಿಡಿ. ಗಟ್ಟಿ ಪ್ಲಾಸ್ಟಿಕ್ ಗಾರ್ಡ್ ನಡೆಯಕ್ಕೆ ಮಾತ್ರ, ಅದ್ರಲ್ಲೇ ಇಟ್ರೆ ನೀರು ನಿಂತು ತುಕ್ಕು ಹಿಡಿಯತ್ತೆ.